ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮನಸ್ಸು ಕುಸಿದರೆ: ಮುಂಬಯಿ ಕನ್ನಡತಿಯರಿಗೆ ಒಂದು ಕೈಪಿಡಿ

‘ಮುಟ್ಟು ನಿಲ್ಲೋ ಕಾಲ, ಹೀಗೇ ಇರುತ್ತೆ, ಎಲ್ಲರೂ ದಾಟಿ ಬಂದವರೇ’ ಎಂಬ ಮಾತು ತಾಯಿಯಿಂದ, ಅತ್ತೆಯಿಂದ, ಕೆಲವೊಮ್ಮೆ ಡಾಕ್ಟರರಿಂದಲೂ ಕೇಳಿಬರುತ್ತದೆ. ಮೈ ಬಿಸಿಯೇರುವುದಕ್ಕೆ, ಮುಟ್ಟು ಹಿಂದುಮುಂದಾಗುವುದಕ್ಕೆ ಆ ಮಾತು ಒಪ್ಪುತ್ತದೆ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಸಿದೇ ಇದ್ದರೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಈಗ ಬೇಡವೆನಿಸಿದರೆ, ಅದಕ್ಕೆ ಖಿನ್ನತೆ ಎಂದು ಹೆಸರು. ಅದು ಕಾಯಿಲೆ, ಅದಕ್ಕೆ ಮದ್ದಿದೆ. ತಾನಾಗಿ ಕಳೆದೀತು ಎಂದು ವರ್ಷಗಟ್ಟಲೆ ಕಾಯುವುದರಲ್ಲಿ ನಷ್ಟವೇ ಹೆಚ್ಚು.

ಮುಂಬಯಿಯ ಕನ್ನಡ ಮನೆಗಳಲ್ಲಿ ಈ ಕಾಯಿಲೆ ಡಾಕ್ಟರರ ಕಣ್ಣು ತಪ್ಪಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಮನಸ್ಸಿನ ಮಾತು ಕನ್ನಡದಲ್ಲೋ ತುಳುವಿನಲ್ಲೋ ಹುಟ್ಟುತ್ತದೆ, ಅದನ್ನು ಹೇಳಬೇಕಾದದ್ದು ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ. ಹೇಳಲು ಮಾತು ಸಿಗದೆ ‘ಮೈಕೈ ನೋವು, ಸುಸ್ತು’ ಎಂದುಬಿಡುತ್ತೇವೆ. ಕೈಗೆ ಬಿ-ಕಾಂಪ್ಲೆಕ್ಸ್ ಮತ್ತು ನೋವಿನ ಮಾತ್ರೆ ಬರುತ್ತದೆ. ಈ ಕೈಪಿಡಿಯಲ್ಲಿ ನಾವು ಒತ್ತಿ ಹೇಳುವುದು ಒಂದೇ: ಆಗುತ್ತಿರುವುದನ್ನು ಬರೆದಿಡಿ, ಬರೆದದ್ದನ್ನು ಹಾಗೆಯೇ ಹೇಳಿ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.

ಇದು ಯಾವಾಗ ಬರುತ್ತದೆ, ಯಾಕೆ

ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಅದರ ಸರಾಸರಿ ವಯಸ್ಸು 46-47. ಖಿನ್ನತೆಯ ಅಪಾಯ ಹೆಚ್ಚಿರುವುದು ಮಾತ್ರ ಅದಕ್ಕಿಂತ ಮುಂಚಿನ ಕೆಲವು ವರ್ಷಗಳಲ್ಲಿ, ಮುಟ್ಟು ಒಮ್ಮೆ 22 ದಿನಕ್ಕೆ, ಒಮ್ಮೆ 50 ದಿನಕ್ಕೆ ಬರುವ ಕಾಲದಲ್ಲಿ. 43 ವರ್ಷದವರು ‘ನನಗಿನ್ನೂ ಮುಟ್ಟು ನಿಂತಿಲ್ಲ, ಇದು ಬೇರೇನೋ’ ಎಂದುಕೊಳ್ಳುವುದು ಇದೇ ಕಾರಣಕ್ಕೆ.

ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಮೆಟ್ಟಿಲಿಳಿದಂತೆ ನಿಧಾನವಾಗಿ ಇಳಿಯುವುದಿಲ್ಲ. ಒಂದು ವಾರ ಏರಿ ಮರುವಾರ ಧೊಪ್ಪನೆ ಬೀಳುತ್ತದೆ. ಮನಸ್ಸಿನ ಹದ ಕಾಯುವ ಸೆರೊಟೋನಿನ್‌ನಂಥ ರಾಸಾಯನಿಕಗಳ ಮೇಲೆ ಅದರ ಹಿಡಿತವಿದೆ, ಹಾಗಾಗಿ ಈ ಏರಿಳಿತವನ್ನು ಕೆಲವರ ಮಿದುಳು ತಾಳುವುದಿಲ್ಲ. ಮೊದಲೊಮ್ಮೆ ಖಿನ್ನತೆ ಬಂದಿದ್ದವರು, ಬಾಣಂತನದಲ್ಲಿ ಮನಸ್ಸು ಕುಸಿದಿದ್ದವರು, ಪ್ರತಿ ಮುಟ್ಟಿನ ಹಿಂದಿನ ವಾರ ತೀರಾ ಸಿಡಿಮಿಡಿ, ಅಳು ಇದ್ದವರು ಹೆಚ್ಚು ಎಚ್ಚರವಾಗಿರಬೇಕು. ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿದ್ದರೆ ಋತುಬಂಧ ಒಂದೇ ದಿನದಲ್ಲಿ ಬಂದಂತೆ. ಅಂಥವರಿಗೆ ಹೊಡೆತ ಜೋರು. ಗರ್ಭಕೋಶ ಮಾತ್ರ ತೆಗೆಸಿ ಅಂಡಾಶಯ ಉಳಿದಿದ್ದರೆ ಮುಟ್ಟಿನ ಗುರುತೇ ಸಿಗದೆ ಬದಲಾವಣೆ ಒಳಗೊಳಗೇ ನಡೆಯುತ್ತದೆ. ಯಾವುದನ್ನು ತೆಗೆದಿದ್ದಾರೆ ಎಂಬುದು ಡಿಸ್ಚಾರ್ಜ್ ಕಾರ್ಡಿನಲ್ಲಿರುತ್ತದೆ, ಹುಡುಕಿ ಇಟ್ಟುಕೊಳ್ಳಿ.

ಇದಕ್ಕೆಲ್ಲ ನಿದ್ದೆಯ ತೊಂದರೆ ಸೇರಿಕೊಳ್ಳುತ್ತದೆ. ರಾತ್ರಿ ಬೆವರಿ ಎಚ್ಚರ, ನೈಟಿ ಬದಲಾಯಿಸಿ ಮಲಗಿದರೆ ನಿದ್ದೆ ಹತ್ತದು, ಬೆಳಿಗ್ಗೆ 5ಕ್ಕೆ ನೀರು ಬರುವ ಹೊತ್ತಿಗೆ ಏಳಲೇಬೇಕು. ಹೀಗೆ ಮೂರು ತಿಂಗಳು ಕಳೆದರೆ ಎಂಥ ಗಟ್ಟಿ ಮನಸ್ಸೂ ಸೋಲುತ್ತದೆ. ಆದ್ದರಿಂದ ಬೆವರು ಮತ್ತು ನಿದ್ದೆಯನ್ನು ಖಿನ್ನತೆಯ ಜೊತೆಗೇ ನೋಡಿಕೊಳ್ಳಬೇಕು.

ಎರಡು ವಾರದ ಹಾಳೆ

ಡಾಕ್ಟರರ ಹತ್ತಿರ ಹೋಗುವ ಮುಂಚೆ ಒಂದು ನೋಟುಬುಕ್ಕಿನಲ್ಲಿ 14 ದಿನ ಬರೆಯಿರಿ. ಪ್ರತಿ ರಾತ್ರಿ ಪಾತ್ರೆ ತೊಳೆದಾದ ಮೇಲೆ ಎರಡೇ ನಿಮಿಷ ಸಾಕು. ಐದು ವಿಷಯ: ಮುಟ್ಟು, ಮೈ ಬಿಸಿಯೇರಿದ್ದು ಎಷ್ಟು ಸಲ, ನಿದ್ದೆ ಎಷ್ಟರಿಂದ ಎಷ್ಟರವರೆಗೆ, ಮನಸ್ಸಿಗೆ 0ರಿಂದ 10ರೊಳಗೆ ಒಂದು ಅಂಕ (0 ಎಂದರೆ ತೀರಾ ಕುಸಿದದ್ದು, 10 ಎಂದರೆ ತುಂಬಾ ಚೆನ್ನಾಗಿದ್ದದ್ದು), ಮತ್ತು ಆ ದಿನದ ಬಗ್ಗೆ ಒಂದು ಸಾಲು. ಹೀಗೆ:

‘ಮಂಗಳವಾರ. ಮುಟ್ಟಿಲ್ಲ, 38 ದಿನ ಆಯ್ತು. ಬಿಸಿ ಹಗಲು 3, ರಾತ್ರಿ 2. ನಿದ್ದೆ 11ರಿಂದ 2.40, ಮತ್ತೆ 4.30ರಿಂದ 5.45. ಮನಸ್ಸು 3. ಬದನೆಕಾಯಿ ಹೆಚ್ಚುವಾಗ ಅಳು ಬಂತು, ಕಾರಣ ಗೊತ್ತಿಲ್ಲ.’

ಈ ಒಂದು ಸಾಲಿನಿಂದ ಡಾಕ್ಟರರಿಗೆ ತಿಳಿಯುವಷ್ಟು ಹತ್ತು ನಿಮಿಷದ ಮಾತಿನಿಂದ ತಿಳಿಯುವುದಿಲ್ಲ. ಹೆಚ್ಚಿನವರು ತಪ್ಪುವುದು ಒಂದು ಕಡೆ: ನಾಲ್ಕು ದಿನ ಬಿಟ್ಟು ಭಾನುವಾರ ಒಟ್ಟಿಗೆ ತುಂಬುತ್ತಾರೆ. ಕುಸಿದ ಮನಸ್ಸಿಗೆ ಹಿಂದಿನ ದಿನಗಳೆಲ್ಲ ಒಂದೇ ಬಣ್ಣದ ಕತ್ತಲಾಗಿ ಕಾಣುತ್ತವೆ, 6 ಅಂಕದ ಬುಧವಾರ ಮರೆತೇಹೋಗುತ್ತದೆ. ಬಿಟ್ಟುಹೋದ ದಿನವನ್ನು ಖಾಲಿ ಬಿಡಿ.

ಹದಿನಾಲ್ಕನೇ ದಿನ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನೂ ತುಂಬಿ. ಇದು ಡಾಕ್ಟರರೇ ಬಳಸುವಂಥದ್ದು, ಒಂಬತ್ತು ಪ್ರಶ್ನೆ. ಕೆಲಸದಲ್ಲಿ ಆಸಕ್ತಿ ಹೋದದ್ದು, ಮನಸ್ಸು ಕುಗ್ಗಿದ್ದು, ನಿದ್ದೆ ಕೆಟ್ಟದ್ದು ಅಥವಾ ಅತಿಯಾದದ್ದು, ಸುಸ್ತು, ಹಸಿವಿನ ಏರುಪೇರು, ತನ್ನ ಬಗ್ಗೆಯೇ ಕೀಳು ಭಾವನೆ, ಗಮನ ನಿಲ್ಲದಿರುವುದು, ನಡೆನುಡಿ ತೀರಾ ನಿಧಾನವಾದದ್ದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಸತ್ತರೆ ಒಳ್ಳೆಯದು ಎಂಬ ಯೋಚನೆ. ಕಳೆದ ಎರಡು ವಾರದಲ್ಲಿ ಇಲ್ಲವೇ ಇಲ್ಲವಾದರೆ 0, ಕೆಲವು ದಿನ ಇದ್ದರೆ 1, ಅರ್ಧಕ್ಕಿಂತ ಹೆಚ್ಚು ದಿನ ಇದ್ದರೆ 2, ಹೆಚ್ಚುಕಡಿಮೆ ದಿನಾಲೂ ಇದ್ದರೆ 3. ಎಲ್ಲ ಕೂಡಿದರೆ ಹೆಚ್ಚೆಂದರೆ 27. ಮೊತ್ತ 10 ಅಥವಾ ಹೆಚ್ಚಾದರೆ ಡಾಕ್ಟರರನ್ನು ಕಾಣಲೇಬೇಕು, 20 ಮುಟ್ಟಿದರೆ ಅದೇ ವಾರ. ಕೊನೆಯ ಪ್ರಶ್ನೆಗೆ 1 ಬಂದರೂ ಸಾಕು, ಮೊತ್ತ ನೋಡಬೇಡಿ, ಅಂದೇ ಯಾರಿಗಾದರೂ ಹೇಳಿ.

ಡಾಕ್ಟರರ ಎದುರು ಕೂತಾಗ

‘ಬೇಜಾರು’ ಎಂಬ ಪದವನ್ನು ಆದಷ್ಟು ಬಿಡಿ. ಕನ್ನಡದಲ್ಲಿ ಅದು ಬಸ್ಸು ತಪ್ಪಿದ ಕಿರಿಕಿರಿಗೂ ಆಗುತ್ತದೆ, ಸಾವಿನ ದುಃಖಕ್ಕೂ ಆಗುತ್ತದೆ. ಹೊರಗಿನವರಿಗೆ ಅದರ ತೂಕ ಗೊತ್ತಾಗುವುದಿಲ್ಲ. ಮರಾಠಿಯಲ್ಲಿ ಹೇಳಬೇಕಾಗಿ ಬಂದರೆ ಈ ನಾಲ್ಕು ವಾಕ್ಯ ಚೀಟಿಯಲ್ಲಿ ಬರೆದುಕೊಂಡು ಹೋಗಿ:

‘ಮಾಝೀ ಪಾಳೀ ಅನಿಯಮಿತ ಝಾಲೀ ಆಹೇ’: ನನ್ನ ಮುಟ್ಟು ಏರುಪೇರಾಗಿದೆ.
‘ದೋನ್ ಆಠವಡ್ಯಾಂಪಾಸೂನ್ ಕಶಾತಚ್ ಮನ್ ಲಾಗತ್ ನಾಹೀ’: ಎರಡು ವಾರದಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.
‘ಪಹಾಟೇ ತೀನ್‌ಲಾ ಜಾಗ್ ಯೇತೇ, ಮಗ್ ಝೋಪ್ ಲಾಗತ್ ನಾಹೀ’: ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ.
‘ಜಗಾವಂಸಂ ವಾಟತ್ ನಾಹೀ’: ಬದುಕಬೇಕು ಅನಿಸುತ್ತಿಲ್ಲ. ಇದು ನಿಜವಿದ್ದರೆ ನಾಚಿಕೊಳ್ಳದೆ ಮೊದಲ ವಾಕ್ಯವಾಗಿ ಇದನ್ನೇ ಹೇಳಿ.

ಗಂಡನೋ ಮಗನೋ ಜೊತೆಗೆ ಬಂದು ಎಲ್ಲ ಪ್ರಶ್ನೆಗೂ ತಾವೇ ಉತ್ತರ ಕೊಡುವುದುಂಟು. ಐದು ನಿಮಿಷ ಒಬ್ಬರೇ ಮಾತಾಡಬೇಕೆಂದು ಡಾಕ್ಟರರನ್ನು ಕೇಳಿ. ಅದು ನಿಮ್ಮ ಹಕ್ಕು.

ಮೊದಲು ನಿಮ್ಮ ಸ್ತ್ರೀರೋಗ ತಜ್ಞರು ಅಥವಾ ಮನೆಡಾಕ್ಟರ್ ಸಾಕು. ಖಾಸಗಿ ಫೀಸು ಹೊರೆಯಾದರೆ ಪರೇಲಿನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲ್ಲಿನ ನಾಯರ್ ಈ ಮೂರೂ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಮನೋರೋಗ ಮತ್ತು ಸ್ತ್ರೀರೋಗದ ಓಪಿಡಿ ಎರಡೂ ಇವೆ. ಕೇಸ್ ಪೇಪರಿನ ಸಾಲಿಗೆ ಬೆಳಿಗ್ಗೆ ಬೇಗ ನಿಲ್ಲಿ, ಯಾವ ದಿನ ಯಾವ ಓಪಿಡಿ ಎಂದು ಮೊದಲೇ ಕೇಳಿಕೊಳ್ಳಿ. ಹಳೆಯ ರಿಪೋರ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಎರಡು ವಾರದ ಹಾಳೆ ಒಂದೇ ಚೀಲದಲ್ಲಿರಲಿ. ಪುಣೆಯವರಿಗೆ ಸಸೂನ್ ಆಸ್ಪತ್ರೆ, ಗೋವಾದವರಿಗೆ ಬಾಂಬೋಳಿಯ ಮನೋರೋಗ ಸಂಸ್ಥೆ ಇದೆ. ಮೆಡಿಕ್ಲೈಮ್ ಇದ್ದವರು ನೆನಪಿಡಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು.

ಮೊದಲು ರಕ್ತ ಪರೀಕ್ಷೆ

ಖಿನ್ನತೆಯ ವೇಷದಲ್ಲಿ ಬೇರೆ ಕಾಯಿಲೆಗಳು ಬರುತ್ತವೆ, ಈ ವಯಸ್ಸಿನಲ್ಲಂತೂ ಹೆಚ್ಚು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಸಕ್ಕರೆ ಇಷ್ಟು ನೋಡಿಸಿ. ಮುಟ್ಟು ನಿಲ್ಲುವ ಮುಂಚೆ ಕೆಲವರಿಗೆ ಹತ್ತು ದಿನ ಸುರಿಯುತ್ತದೆ, ಆಗ ಕಬ್ಬಿಣಾಂಶ ಕುಸಿದು ಏಳಲಾರದ ಸುಸ್ತು ಬರುತ್ತದೆ. ಶುದ್ಧ ಸಸ್ಯಾಹಾರಿಗಳಿಗೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರಿಗೂ ಬಿ12 ಕಡಿಮೆಯಾಗುವುದು ಸಾಮಾನ್ಯ. 45 ದಾಟಿದ್ದು ಲಕ್ಷಣ ಸ್ಪಷ್ಟವಿದ್ದರೆ ಹಾರ್ಮೋನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಅದರಲ್ಲಿ ನೋಡುವ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಇಂದು ಒಂದು, ಮುಂದಿನ ವಾರ ಇನ್ನೊಂದು ತೋರಿಸುತ್ತದೆ.

ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಥೈರಾಯ್ಡ್ ರಿಪೋರ್ಟು ಸುಳ್ಳು ಹೇಳಬಹುದು. ಥೈರಾಯ್ಡ್ ಮಾತ್ರೆ ಈಗಾಗಲೇ ಇದ್ದವರು ಅದನ್ನು ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಫಿಲ್ಟರ್ ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಇವೆಲ್ಲ ಒಟ್ಟಿಗೆ ಹೊಟ್ಟೆ ಸೇರಿದರೆ ಮಾತ್ರೆ ಮೈಗೆ ಹತ್ತುವುದಿಲ್ಲ, ಡೋಸು ಏರಿಸಿದ್ದೇ ಬಂತು. ವಿಟಮಿನ್ ಡಿಯ 60,000 ಯೂನಿಟ್ಟಿನ ಸ್ಯಾಶೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದುಕೊಡುತ್ತಾರೆ. ದಿನಕ್ಕೊಂದು ತೆಗೆದುಕೊಂಡು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ.

ಮಾತ್ರೆಯ ಬಗ್ಗೆ ಬಿಚ್ಚಿ ಹೇಳುವುದಾದರೆ

ಮಧ್ಯಮ ಅಥವಾ ತೀವ್ರ ಖಿನ್ನತೆಗೆ ಸಾಮಾನ್ಯವಾಗಿ ಎಸಿಟಾಲೋಪ್ರಾಂ, ಸರ್ಟ್ರಾಲಿನ್‌ನಂಥ ಮಾತ್ರೆ ಕೊಡುತ್ತಾರೆ. ಎಸಿಟಾಲೋಪ್ರಾಂ ಆದರೆ ಹಲವರಿಗೆ 5 ಮಿಲಿಗ್ರಾಂನಿಂದ ಶುರು ಮಾಡಿ 10ಕ್ಕೆ ಏರಿಸುತ್ತಾರೆ. ಮೊದಲ ವಾರ ವಾಕರಿಕೆ, ಸ್ವಲ್ಪ ತಲೆನೋವು, ಒಳಗೊಂದು ಚಡಪಡಿಕೆ ಇರಬಹುದು. ತಿಂಡಿ ಆದ ಮೇಲೆ ತೆಗೆದುಕೊಂಡರೆ ವಾಕರಿಕೆ ತಗ್ಗುತ್ತದೆ. ಗುಣ ಕಾಣಲು 2ರಿಂದ 4 ವಾರ, ಪೂರ್ತಿ ಹಿಡಿಯಲು 6ರಿಂದ 8 ವಾರ ಬೇಕು. ಹತ್ತನೇ ದಿನ ‘ಏನೂ ಆಗಲಿಲ್ಲ, ಬರೀ ಹೊಟ್ಟೆ ಕೆಟ್ಟಿತು’ ಎಂದು ನಿಲ್ಲಿಸಿಬಿಡುವುದೇ ಈ ಚಿಕಿತ್ಸೆ ಸೋಲಲು ದೊಡ್ಡ ಕಾರಣ. ಆ ಹೊತ್ತಿಗೆ ತೊಂದರೆಯ ಪಾಲು ಮುಗಿದು, ಗುಣದ ಪಾಲು ಇನ್ನೇನು ಬರಬೇಕಾಗಿರುತ್ತದೆ.

ಇವು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ಅಲ್ಪ್ರಾಜೋಲಾಂ, ಕ್ಲೋನಾಜೆಪಾಂನಂಥ ನಿದ್ದೆ ಬರಿಸುವ ಮಾತ್ರೆಗಳು. ಪಕ್ಕದ ಮನೆಯವರು ‘ಅರ್ಧ ತಗೊಳ್ಳಿ ಅಕ್ಕ, ಚೆನ್ನಾಗಿ ನಿದ್ದೆ ಬರುತ್ತೆ’ ಎಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ಡಾಕ್ಟರ್ ಕೊಟ್ಟರೂ ಎಷ್ಟು ದಿನಕ್ಕೆ ಎಂದು ಕೇಳಿ, ತಿಂಗಳುಗಟ್ಟಲೆ ಎಳೆಯಬೇಡಿ.

ಮೈ ಬಿಸಿಯೇರುವುದೂ ಖಿನ್ನತೆಯೂ ಎರಡೂ ಕಾಡುತ್ತಿದ್ದರೆ ವೆನ್ಲಾಫ್ಯಾಕ್ಸಿನ್, ಡೆಸ್‌ವೆನ್ಲಾಫ್ಯಾಕ್ಸಿನ್ ಎರಡಕ್ಕೂ ನೆರವಾಗುತ್ತವೆ. ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಡಾಕ್ಟರರು ಕೇಳದಿದ್ದರೂ ನೀವೇ ಹೇಳಬೇಕಾದ ಮೂರು ಸಂಗತಿ: ಸ್ತನ ಕ್ಯಾನ್ಸರಿಗೆ ಟ್ಯಾಮೊಕ್ಸಿಫೆನ್ ತಿನ್ನುತ್ತಿದ್ದರೆ (ಪ್ಯಾರಾಕ್ಸೆಟಿನ್, ಫ್ಲೂಕ್ಸೆಟಿನ್ ಅದರ ಬಲ ಕುಗ್ಗಿಸಬಹುದು), ಮಂಡಿ ನೋವಿಗೆ ದಿನಾ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ತಿನ್ನುತ್ತಿದ್ದರೆ (ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ), ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿ ಉತ್ಸಾಹ, ಅತಿ ಮಾತು, ಕೈ ಬಿಚ್ಚಿ ಖರ್ಚು ಇದ್ದಿದ್ದರೆ (ಆಗ ಬೇರೆ ಚಿಕಿತ್ಸೆಯೇ ಬೇಕಾಗುತ್ತದೆ). ಗಂಡಹೆಂಡಿರ ಸಂಬಂಧದಲ್ಲಿ ಆಸೆ ತಗ್ಗುವುದೂ ಈ ಮಾತ್ರೆಗಳ ಅಡ್ಡಪರಿಣಾಮ. ಬಾಯಿಬಿಟ್ಟು ಹೇಳಿದರೆ ಮಾತ್ರೆ ಬದಲಾಯಿಸುತ್ತಾರೆ. ಹೇಳದೆ ಸದ್ದಿಲ್ಲದೆ ಬಿಟ್ಟರೆ ಖಿನ್ನತೆ ಮರಳುತ್ತದೆ.

ಈಸ್ಟ್ರೋಜನ್ನನ್ನೇ ಮದ್ದಾಗಿ ಕೊಡುವ ಹಾರ್ಮೋನ್ ಚಿಕಿತ್ಸೆಯ ಹೆಸರೆತ್ತಿದರೆ ನಮ್ಮಲ್ಲಿ ‘ಕ್ಯಾನ್ಸರ್ ಬರುತ್ತೆ’ ಎಂಬ ಹೆದರಿಕೆ. 60ರೊಳಗಿನ, ಅಥವಾ ಋತುಬಂಧವಾಗಿ 10 ವರ್ಷದೊಳಗಿನ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಬಿಸಿ, ಬೆವರು, ನಿದ್ದೆಗೇಡಿನ ಜೊತೆಗೇ ಮನಸ್ಸು ಕುಸಿದವರಿಗೆ ಇದರಿಂದ ಮನಸ್ಸೂ ಹಗುರಾಗುವುದುಂಟು. ತೀವ್ರ ಖಿನ್ನತೆಗೆ ಇದೊಂದೇ ಸಾಲದು. ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನೂ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಾಮಾನ್ಯವಾಗಿ ಬೇಡ. ಯೋನಿಯ ಒಣಗುವಿಕೆಗೆಂದು ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಮನಸ್ಸಿಗೆ ತಲುಪುವಷ್ಟು ಇರುವುದಿಲ್ಲ, ಅದನ್ನು ಹಚ್ಚಿಕೊಂಡು ಖಿನ್ನತೆ ಇಳಿಯಲಿಲ್ಲ ಎನ್ನಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ದಿನ ದೂಡುವ ಬಗೆ

ಮನಸ್ಸು ಬಂದಾಗ ಮಾಡುತ್ತೇನೆ ಎಂದರೆ ಖಿನ್ನತೆಯಲ್ಲಿ ಆ ಮನಸ್ಸು ಬರುವುದೇ ಇಲ್ಲ. ಕೈ ಮೊದಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಹಿಂದಿನ ರಾತ್ರಿಯೇ ನಾಳೆಗೆ ಎರಡು ಕೆಲಸ, ಹೊತ್ತು ಸಮೇತ ಬರೆದಿಡಿ. ಒಂದು ಮಾಡಬೇಕಾದದ್ದು, ಇನ್ನೊಂದು ಒಂದು ಕಾಲಕ್ಕೆ ಹಿಡಿಸುತ್ತಿದ್ದದ್ದು. ‘11ಕ್ಕೆ ಬ್ಯಾಂಕ್ ಪಾಸ್‌ಬುಕ್, 4ಕ್ಕೆ ಬಾಲ್ಕನಿಯ ದೊಡ್ಡಪತ್ರೆಗೆ ಮಣ್ಣು ಬದಲಿಸುವುದು.’ ‘ಮನೆಯೆಲ್ಲ ಸ್ವಚ್ಛ ಮಾಡುವುದು’ ಎಂದು ಬರೆದರೆ ಸೋತಿರೆಂದೇ ಅರ್ಥ. ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಒಡೆಯಿರಿ: ಒಂದು ಕಪಾಟಿನ ಒಂದು ಖಾನೆ. ಮಾಡಿದ ಮೇಲೆ ಮನಸ್ಸಿನ ಅಂಕ ಬರೆಯಿರಿ. ಅರ್ಧ ಅಂಕ ಏರಿದರೂ ಅದು ಲೆಕ್ಕಕ್ಕೆ ಬರುತ್ತದೆ.

ನಡಿಗೆ ಮೊದಲ ವಾರ ದಿನಕ್ಕೆ 10 ನಿಮಿಷ, ಸೊಸೈಟಿಯ ಕಾಂಪೌಂಡಿನಲ್ಲಾದರೂ ಸರಿ. ವಾರವಾರ ಏರಿಸುತ್ತ ವಾರಕ್ಕೆ 150 ನಿಮಿಷಕ್ಕೆ ತನ್ನಿ. ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು ಸಾಕು. ಮಾಟುಂಗದವರಿಗೆ ಫೈವ್ ಗಾರ್ಡನ್ಸ್ ಇದೆ. ಜೂನ್‌ನಿಂದ ಸೆಪ್ಟೆಂಬರಿನ ಮಳೆಯಲ್ಲಿ ನಡಿಗೆ ನಿಂತು ಮನಸ್ಸು ಮತ್ತೆ ಜಾರುವುದು ಈ ಊರಿನ ಮಾಮೂಲು, ಆದ್ದರಿಂದ ಮೇ ತಿಂಗಳಲ್ಲೇ ಒಳಗಿನ ವ್ಯಾಯಾಮ ರೂಢಿಸಿಕೊಳ್ಳಿ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು, ಎರಡೆರಡು ಸುತ್ತು, ವಾರಕ್ಕೆರಡು ದಿನ. ಮೂಳೆಗೂ ಒಳ್ಳೆಯದು.

ನಿದ್ದೆಗೆ ಏಳುವ ಹೊತ್ತು ಗಟ್ಟಿಯಾಗಿರಲಿ, ಭಾನುವಾರವೂ ಅದೇ. ಮಧ್ಯಾಹ್ನ 2ರ ನಂತರ ಕಾಫಿ, ಚಹಾ ಬೇಡ. ನಡುರಾತ್ರಿ ಎಚ್ಚರವಾಗಿ ಸುಮಾರು 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೇಳಿ, ಮಂದ ಬೆಳಕಿನಲ್ಲಿ ಕೂತು ತೂಕಡಿಕೆ ಬಂದಾಗ ಮರಳಿ. ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ.

ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಬಿಸಿಯೇರಿದಾಗ ಎದೆ ಹೊಡೆದುಕೊಂಡು ‘ಇಲ್ಲೇ ಬಿದ್ದುಹೋಗುತ್ತೇನೆ’ ಎಂಬ ಭಯವಾಗುತ್ತದೆ, ಆಮೇಲೆ ಹಲವರು ರೈಲು ಹತ್ತುವುದನ್ನೇ ಬಿಡುತ್ತಾರೆ, ಮನೆಯಲ್ಲೇ ಕೂತು ಇನ್ನಷ್ಟು ಕುಗ್ಗುತ್ತಾರೆ. ಆ ಬಿಸಿ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಥಾಣೆಯಲ್ಲಿ ಶುರುವಾದರೆ ಮುಲುಂಡ್ ದಾಟುವಷ್ಟರಲ್ಲಿ ಇಳಿದಿರುತ್ತದೆ. ಒದ್ದೆ ಕರವಸ್ತ್ರ ಕತ್ತಿನ ಹಿಂದೆ ಇಟ್ಟು, ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ಹತ್ತಿ ಬಟ್ಟೆ, ಅರ್ಧ ಲೀಟರ್ ನೀರು ಜೊತೆಗಿರಲಿ.

ಮನಶ್ಶಾಸ್ತ್ರಜ್ಞರ ಜೊತೆ ಕೂತು ಮಾಡುವ ಮಾತಿನ ಚಿಕಿತ್ಸೆಯನ್ನು ಕಡೆಗಣಿಸಬೇಡಿ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 16 ಭೇಟಿ. ಲಘು ಖಿನ್ನತೆಗೆ ಇದೊಂದೇ ಸಾಕಾಗಬಹುದು. ಕನ್ನಡದಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಭಾಷೆ ಆರಿಸಿಕೊಳ್ಳಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ.

ಮನೆಯವರಿಗೆ

‘ಎಲ್ಲಾ ಇದೆಯಲ್ಲ, ನಿನಗೇನು ಕಮ್ಮಿ’ ಎನ್ನಬೇಡಿ. ಆ ಮಾತಿಗೆ ಅವರ ಬಳಿ ಉತ್ತರವಿಲ್ಲ, ತಪ್ಪಿತಸ್ಥ ಭಾವನೆ ಮಾತ್ರ ಬೆಳೆಯುತ್ತದೆ. ‘ಏನಾದ್ರೂ ಬೇಕಿದ್ರೆ ಹೇಳು’ ಎನ್ನುವುದಕ್ಕಿಂತ ಒಂದು ಕೆಲಸವನ್ನು ಪೂರ್ತಿ ಕೈಗೆತ್ತಿಕೊಳ್ಳಿ: ರಾತ್ರಿಯಡುಗೆ, ಇಲ್ಲವೇ ಅತ್ತೆಯ ಮದ್ದಿನ ಹೊಣೆ. ‘ಗುರುವಾರ ನಾನು ರಜೆ ಹಾಕ್ತೀನಿ, ಕೇಸ್ ಪೇಪರ್ ಸಾಲಿಗೆ ನಾನೇ ನಿಲ್ತೀನಿ’ ಎಂಬ ಒಂದು ಮಾತು ಹತ್ತು ಸಮಾಧಾನಕ್ಕಿಂತ ದೊಡ್ಡದು.

‘ನಾನಿಲ್ಲದಿದ್ರೆ ನಿಮಗೆಲ್ಲ ಹಗುರ’ ಎಂಬ ಮಾತು, ಕಾರಣವಿಲ್ಲದೆ ಒಡವೆ ಹಂಚುವುದು, ಮಾತ್ರೆ ಕೂಡಿಡುವುದು ಕಂಡರೆ ನೇರವಾಗಿ ಕೇಳಿ: ‘ಸಾಯಬೇಕು ಅನಿಸ್ತಾ ಇದೆಯಾ?’ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ಸುಳ್ಳು, ಕೇಳಿದ್ದೇ ಎಷ್ಟೋ ಜೀವಕ್ಕೆ ಆಸರೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮನೆಯ ಮಾತ್ರೆಗಳನ್ನೆಲ್ಲ ಬೀಗದಲ್ಲಿಡಿ, 14416ಕ್ಕೆ ಕರೆ ಮಾಡಿ. ಅಪಾಯ ಕೈಮೀರುವಂತಿದ್ದರೆ 112, ಅಥವಾ ನೇರ ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಜುವಾಲ್ಟಿ.

ಗುಣವಾದ ಮೇಲೆ

ಚಿಕಿತ್ಸೆ ಶುರುವಾದ ಆರನೇ ವಾರ ಮತ್ತೆ 14 ದಿನದ ಹಾಳೆ, ಮತ್ತೆ ಪಿಎಚ್‌ಕ್ಯೂ-9. ಮೊತ್ತ ಅರ್ಧಕ್ಕಿಳಿದಿದ್ದರೆ ಮದ್ದು ಹಿಡಿದಿದೆ. ಇಳಿಯದಿದ್ದರೆ ಡೋಸು ಅಥವಾ ಮಾತ್ರೆ ಬದಲಾಗಬೇಕು, ಆ ಎರಡು ಹಾಳೆಗಳನ್ನೇ ಡಾಕ್ಟರರ ಮುಂದಿಡಿ. ಪೂರ್ತಿ ಗುಣವಾದ ಮೇಲೂ 6ರಿಂದ 12 ತಿಂಗಳು ಮಾತ್ರೆ ಮುಂದುವರಿಯುತ್ತದೆ. ನಿಲ್ಲಿಸುವಾಗ ಡಾಕ್ಟರರು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಉಪವಾಸದ ದಿನವೂ ಮಾತ್ರೆ ತಪ್ಪಿಸಬೇಡಿ, ಹಾಲು ಬಾಳೆಹಣ್ಣಿನ ಜೊತೆ ತೆಗೆದುಕೊಳ್ಳಿ.

ಮಾತ್ರೆ ಹೆಚ್ಚಾಗಿ ತಪ್ಪುವುದು ಊರಿಗೆ ಹೋಗುವಾಗ. ಮೇ ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಉಡುಪಿ ಕಡೆ ಹೋಗುವ ಗಡಿಬಿಡಿಯಲ್ಲಿ ಸ್ಟ್ರಿಪ್ ಮನೆಯಲ್ಲೇ ಉಳಿಯುತ್ತದೆ. ಎರಡು ಮೂರು ದಿನಕ್ಕೆ ತಲೆಸುತ್ತು, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನುವುದು, ಅಳು. ಸುತ್ತಲಿನವರು ಪಿತ್ತ ಎನ್ನುತ್ತಾರೆ. ಅದು ಮಾತ್ರೆ ಒಮ್ಮೆಲೇ ನಿಂತದ್ದರ ಫಲ. ಹೋಗುವಷ್ಟು ದಿನಕ್ಕೆ ಒಂದು ವಾರ ಹೆಚ್ಚೇ ಲೆಕ್ಕ ಹಾಕಿ ಮಾತ್ರೆ ಕೊಳ್ಳಿ, ಅರ್ಧ ಕೈಚೀಲದಲ್ಲಿ, ಅರ್ಧ ಸೂಟ್‌ಕೇಸಿನಲ್ಲಿಡಿ. ಡಾಕ್ಟರರ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ, ಮೂಲ ಚೀಟಿ ಪರ್ಸಿನಲ್ಲಿ. ಚೀಟಿಯಿಲ್ಲದೆ ಊರಿನ ಮೆಡಿಕಲ್ಲಿನಲ್ಲಿ ಈ ಮಾತ್ರೆ ಕೊಡುವಂತಿಲ್ಲ.